ನಾಣ್ಯದ ಮೇಲಿನ ಖರ್ಜೂರದ ಗರಿ

ಕ್ರಿ.ಶ. 132ರಲ್ಲಿ ರೋಮನ್ ಆಳ್ವಿಕೆಯ ವಿರುದ್ಧ ಬಂಡೆದ್ದ ಯೂದಾಯದ ಯೆಹೂದಿಗಳು ತಮ್ಮದೇ ನಾಣ್ಯಗಳನ್ನು ಹೊರಡಿಸಿದರು. ಚಲಾವಣೆಯಲ್ಲಿದ್ದ ಪರಕೀಯ ನಾಣ್ಯಗಳನ್ನೇ ಹೊಸ ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಕಂಚಿನವಾದರೆ ಹಳೆಯ ಚಿತ್ರವನ್ನು ಮೊದಲು ಅರದಿಂದ ಉಜ್ಜುವುದೂ ಇತ್ತು. ಮರುಟಂಕನ ಎನ್ನಬಹುದಾದ ಈ ಕ್ರಿಯೆಯಲ್ಲಿ ಮೊದಲ ಮುದ್ರೆ ಯಾವಾಗಲೂ ಪೂರ್ತಿ ಅಳಿಯುವುದಿಲ್ಲ. ಆದ್ದರಿಂದಲೇ ಕೆಲವು ನಾಣ್ಯಗಳಲ್ಲಿ ಹೀಬ್ರೂ ಬರಹದ ಅಡಿಯಿಂದ ಚಕ್ರವರ್ತಿಯ ಮುಖದ ಅಂಚು ಇಂದಿಗೂ ಇಣುಕುತ್ತದೆ.

ದೊಡ್ಡ ಬೆಳ್ಳಿ ನಾಣ್ಯದ ಒಂದು ಬದಿಯಲ್ಲಿರುವುದು ಜೆರುಸಲೇಮಿನ ದೇವಾಲಯದ ಮುಂಭಾಗ. ಆ ದೇವಾಲಯವನ್ನು ರೋಮನ್ ಸೇನೆ 70ರಲ್ಲಿಯೇ ಸುಟ್ಟು ಕೆಡವಿತ್ತು. ಇನ್ನೊಂದು ಬದಿಯಲ್ಲಿ ಸುಕ್ಕೋತ್ ಹಬ್ಬದಲ್ಲಿ ಕೈಯಲ್ಲಿ ಹಿಡಿಯುವ ಖರ್ಜೂರದ ಗರಿಯ ಕಟ್ಟು ಮತ್ತು ಮಾದಲ ಹಣ್ಣು ಇವೆ. ಅಕ್ಷರಗಳೂ ಆ ಕಾಲದ ದಿನಬಳಕೆಯವಲ್ಲ, ಪ್ರಾಚೀನ ಹೀಬ್ರೂ ಲಿಪಿಯವು.

ಗರಿ ಮತ್ತು ಹಣ್ಣಿನ ಈ ಚಿತ್ರ ಬರಿಯ ಅಲಂಕಾರವಲ್ಲ ಎಂಬುದಕ್ಕೆ ಸಾಕ್ಷಿ 1960ರ ದಶಕದ ಆರಂಭದಲ್ಲಿ ದೊರಕಿತು. ಪುರಾತತ್ವಜ್ಞ ಯಿಗಾಯೆಲ್ ಯಾದೀನ್ ನೇತೃತ್ವದ ತಂಡ ಮೃತ ಸಮುದ್ರದ ಪಶ್ಚಿಮಕ್ಕಿರುವ ಗುಹೆಯೊಂದರಲ್ಲಿ ಬಂಡಾಯದ ನಾಯಕ ಶಿಮೋನ್ ಬಾರ್ ಕೊಸಿಬನ, ಅಂದರೆ ಇತಿಹಾಸ ಬಾರ್ ಕೊಖ್ಬ ಎಂದು ಕರೆಯುವವನ, ಪತ್ರಗಳನ್ನು ಕಂಡಿತು. ಅವುಗಳಲ್ಲಿ ಒಂದು ಅರಾಮಿಕ್ ಪತ್ರ ಎರಡು ಕತ್ತೆಗಳನ್ನು ಕಳುಹಿಸಿ, ಖರ್ಜೂರದ ಗರಿ ಮತ್ತು ಮಾದಲ ಹಣ್ಣುಗಳನ್ನು ತರಿಸಲು ಹೇಳುತ್ತದೆ. ಮರ್ಟಲ್ ಮತ್ತು ವಿಲೋ ಕೊಂಬೆಗಳನ್ನು ಬೇರೆಯಾಗಿ ಹೊಂದಿಸಬೇಕೆನ್ನುತ್ತದೆ. ಸೇನೆಗೆ ಆಹಾರ, ಆಯುಧಗಳಷ್ಟೇ ಅಲ್ಲದೆ ಹಬ್ಬದ ನಾಲ್ಕು ಸಸ್ಯಗಳೂ ತಲುಪಬೇಕಿತ್ತು.

ಬಂಡಾಯಕ್ಕಿಂತ ಕೆಲವು ದಶಕಗಳ ಹಿಂದೆ ಇದೇ ಗರಿ, ದೇವಾಲಯದ ನಾಶಕ್ಕೆ ದೊರೆತ ಬೇರೊಂದು ಉತ್ತರದ ಕೇಂದ್ರದಲ್ಲಿತ್ತು. ದೇವಾಲಯ ಇದ್ದಾಗ ಅಲ್ಲಿ ಏಳು ದಿನ, ಉಳಿದೆಡೆ ಒಂದೇ ದಿನ ಗರಿಯನ್ನು ಹಿಡಿಯುತ್ತಿದ್ದರು. ದೇವಾಲಯ ಬಿದ್ದ ಮೇಲೆ ಯಾವ್ನೆಯಲ್ಲಿ ಗುರುಪೀಠ ಕಟ್ಟಿದ ಯೋಹಾನಾನ್ ಬೆನ್ ಝಕ್ಕಾಯ್, ಅದರ ನೆನಪಿಗಾಗಿ ಎಲ್ಲೆಡೆಯೂ ಏಳು ದಿನ ಹಿಡಿಯಬೇಕೆಂದು ವಿಧಿಸಿದರು. ಕಟ್ಟಡದೊಳಗಿನ ಆಚರಣೆ ಹೀಗೆ ಊರೂರಿಗೆ ಹಂಚಿಹೋಯಿತು. ಶಸ್ತ್ರ ಹಿಡಿದವರನ್ನೂ ಶಾಸ್ತ್ರ ಹಿಡಿದವರನ್ನೂ ಎದುರುಬದುರು ನಿಲ್ಲಿಸಿ ನೋಡುವ ರೂಢಿ ಇದೆ; ಈ ಗರಿಯನ್ನು ಕಂಡಾಗ ಆ ಗೆರೆ ಅಷ್ಟು ನೇರವಾಗಿ ತೋರುವುದಿಲ್ಲ. ಇಬ್ಬರೂ ಕಳೆದುಹೋದ ಅದೇ ಆಲಯವನ್ನು ನೆನೆಯುತ್ತಿದ್ದರು.

135ರಲ್ಲಿ ಬೇತಾರ್ ಕೋಟೆ ಬಿದ್ದು ಬಂಡಾಯ ಮುಗಿಯಿತು. ಜೆರುಸಲೇಮ್ ಇದ್ದ ಜಾಗದಲ್ಲಿ ಎಲಿಯ ಕಪಿಟೋಲಿನ ಎಂಬ ರೋಮನ್ ನಗರ ನೆಲೆಯಾಯಿತು, ಯೆಹೂದಿಗಳಿಗೆ ಅಲ್ಲಿ ಪ್ರವೇಶ ನಿಷೇಧವಾಯಿತು. ಸುಮಾರು 200ರ ಹೊತ್ತಿಗೆ ಗಲಿಲಾಯದಲ್ಲಿ ಸಂಕಲನಗೊಂಡ ಯೆಹೂದಿ ಧರ್ಮವಿಧಿಗಳ ಸಂಗ್ರಹ ಮಿಶ್ನಾ, ಯೋಹಾನಾನರ ಏಳು ದಿನಗಳ ವಿಧಿಯನ್ನು ಬರಹಕ್ಕಿಳಿಸಿತು.