ತನಿಖೆಯ ಸಾರಥಿ

ನಮ್ಮ ದೇಶದಲ್ಲಿ ಅಪರಾಧಗಳ ತನಿಖೆ ಪೊಲೀಸರ ಹೊಣೆ. ನ್ಯಾಯಾಲಯದಲ್ಲಿ ವಾದಿಸುವುದು ಸರಕಾರಿ ಅಭಿಯೋಜಕರ ಕಾರ್ಯ. ಜರ್ಮನಿಯಲ್ಲಾದರೋ ತನಿಖೆಯ ಸಾರಥ್ಯವೂ ಅಭಿಯೋಜಕರದೇ. ಪೊಲೀಸರು ಅವರ ನಿರ್ದೇಶನದಂತೆ ನಡೆಯುತ್ತಾರೆ. ಈ ಹೊಣೆ ಎಷ್ಟು ಗುರುತರವಾದುದೆಂಬುದಕ್ಕೆ ಫ್ರಿಟ್ಸ್ ಬೌವರ್ ಅವರ ಕಾರ್ಯವೇ ನಿದರ್ಶನ.

ಯೆಹೂದಿ ಮನೆತನದ ಬೌವರ್ 1933ರಲ್ಲಿ ನಾಟ್ಸಿಗಳ ಸೆರೆಯಲ್ಲಿ ನೊಂದವರು. ಮುಂದೆ ದೇಶ ಬಿಟ್ಟು ಬಾಳಿದವರು. 1949ರಲ್ಲಿ ತಾಯ್ನಾಡಿಗೆ ಮರಳಿ, 1956ರಲ್ಲಿ ಹೆಸ್ಸೆ ಪ್ರಾಂತದ ಪ್ರಧಾನ ಅಭಿಯೋಜಕರಾದರು. 1959ರಲ್ಲಿ ಆಶ್‌ವಿಟ್ಸ್ ಶಿಬಿರದ ಕೆಲವು ಹಾಳೆಗಳು ಅವರ ಕೈಸೇರಿದವು. ‘ಓಡಿಹೋಗುವಾಗ’ ಗುಂಡಿಗೆ ಬಲಿಯಾದರೆಂದು ಬರೆದಿದ್ದ ಸೆರೆಯಾಳುಗಳ ಹೆಸರುಗಳೂ ಕೊಂದ ಕಾವಲುಗಾರರ ಹೆಸರುಗಳೂ ಅವುಗಳಲ್ಲಿದ್ದವು.

ಬೌವರ್ ಈ ಕಾರ್ಯವನ್ನು ನಾಟ್ಸಿ ಆಡಳಿತದ ಕಳಂಕ ತಟ್ಟದ ತರುಣ ಅಭಿಯೋಜಕರಿಗೆ ವಹಿಸಿದರು. ಒಬ್ಬೊಬ್ಬ ಆರೋಪಿಯ ಕೃತ್ಯವನ್ನೂ ಪ್ರತ್ಯೇಕವಾಗಿ ರುಜುವಾತುಪಡಿಸಬೇಕಿತ್ತು. ಅದಕ್ಕಾಗಿ ದೇಶದೇಶಗಳಲ್ಲಿ ಸಾಕ್ಷಿಗಳನ್ನು ಅರಸಿದರು. 1963ರ ಡಿಸೆಂಬರ್ 20ರಂದು ಫ್ರಾಂಕ್‌ಫರ್ಟಿನಲ್ಲಿ ವಿಚಾರಣೆ ಆರಂಭವಾಯಿತು. ಸಾಕ್ಷಿ ನುಡಿದವರು 350ಕ್ಕೂ ಹೆಚ್ಚು ಮಂದಿ. 1965ರ ಆಗಸ್ಟಿನಲ್ಲಿ 20 ಆರೋಪಿಗಳ ಪೈಕಿ 17 ಮಂದಿ ಅಪರಾಧಿಗಳೆಂದು ತೀರ್ಪಾಯಿತು; ಸಾಕ್ಷ್ಯ ಸಾಲದೆ ಮೂವರು ಬಿಡುಗಡೆ ಹೊಂದಿದರು.

ಬೌವರ್ ಸ್ವತಃ ವಾದಕ್ಕೆ ನಿಲ್ಲಲಿಲ್ಲ. ತಾವೇ ನೊಂದವರಾಗಿದ್ದರೂ ಸೇಡಿಗೆ ಎಡೆಗೊಡದೆ, ಸಹೋದ್ಯೋಗಿಗಳನ್ನು ಸಾಕ್ಷ್ಯದ ಹಾದಿಯಲ್ಲಿಯೇ ನಡೆಸಿದುದು ಅವರ ಹಿರಿಮೆ.