ದೋಣಿಮಲೈ ಅದಿರು, ತೋರಣಗಲ್ಲು ಉಕ್ಕು: ಸ್ಪರ್ಧೆಯ ಕಾನೂನು ಎಲ್ಲಿಗೆ ನಿಲ್ಲುತ್ತದೆ?

ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ ಕೇಂದ್ರ ಸರ್ಕಾರದ ಎನ್‌ಎಂಡಿಸಿ ಕಬ್ಬಿಣದ ಅದಿರು ತೆಗೆಯುತ್ತದೆ. ಅದೇ ತಾಲ್ಲೂಕಿನ ತೋರಣಗಲ್ಲಿನಲ್ಲಿ, ಸುತ್ತಲಿನವರು ಈಗಲೂ ಜಿಂದಾಲ್ ಎಂದೇ ಕರೆಯುವ ಜೆಎಸ್‌ಡಬ್ಲ್ಯು ಕಾರ್ಖಾನೆ ಅದಿರನ್ನು ಉಕ್ಕಾಗಿಸುತ್ತದೆ. ಎನ್‌ಎಂಡಿಸಿ ನಮ್ಮ ಉಕ್ಕಿನ ಕಂಪನಿಗಳಿಗೆ ಅದಿರನ್ನು ತೀರಾ ಅಗ್ಗಕ್ಕೆ ಮಾರುತ್ತಿದೆಯೇ, ಹಾಗಿದ್ದರೆ ಅದು ಸರ್ಕಾರದ ಸಬ್ಸಿಡಿ ಆಗುತ್ತದೆಯೇ? ಈ ಪ್ರಶ್ನೆಯನ್ನು ಕಾನೂನಿನ ಮುಂದಿಟ್ಟು ಎಳೆಎಳೆಯಾಗಿ ಬಿಡಿಸಿದ್ದು ಮೊದಲು ಅಮೆರಿಕದ ವಾಣಿಜ್ಯ ಇಲಾಖೆ, ಆಮೇಲೆ ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆ.

ಸಂಡೂರಿನ ಗುಡ್ಡದ ಲೆಕ್ಕ ಜಿನೀವಾಕ್ಕೆ ಹೋಗಲು ಕಾರಣವಿದೆ. ಕಂಪನಿಗಳು ಸ್ಪರ್ಧೆಯನ್ನು ಕೆಡಿಸಿದರೆ ಹಿಡಿಯುವ ಕಾನೂನು ನಮ್ಮಲ್ಲಿದೆ. ಸರ್ಕಾರವೇ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದೆ ಸ್ಪರ್ಧೆಯನ್ನು ಬಾಗಿಸಿದರೆ ಕೇಳುವ ಕಾನೂನು ನಮ್ಮಲ್ಲಿಲ್ಲ. ಈ ಎರಡನೆಯ ಮಾತು ಬಳ್ಳಾರಿ ಸೀಮೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದು ಕಷ್ಟ.

ಮೊದಲು ಇರುವ ಕಾನೂನನ್ನು ನೋಡೋಣ. 1969ರ ಏಕಸ್ವಾಮ್ಯ ನಿಯಂತ್ರಣ ಕಾಯ್ದೆ ಕಂಪನಿ ದೊಡ್ಡದಾಗುವುದನ್ನೇ ಅನುಮಾನದಿಂದ ನೋಡುತ್ತಿತ್ತು. ಅದರ ಜಾಗಕ್ಕೆ ಬಂದ 2002ರ ಸ್ಪರ್ಧಾ ಕಾಯ್ದೆಯ ದೃಷ್ಟಿ ಬೇರೆ. ದೊಡ್ಡದಾಗಿರುವುದು ತಪ್ಪಲ್ಲ, ದೊಡ್ಡತನವನ್ನು ಬಳಸಿ ಬೇರೆಯವರ ದಾರಿ ಕಟ್ಟುವುದು ತಪ್ಪು. ಪ್ರತಿಸ್ಪರ್ಧಿಗಳ ಒಳಒಪ್ಪಂದ ಮತ್ತು ಪ್ರಾಬಲ್ಯದ ದುರುಪಯೋಗ, ಇವೆರಡನ್ನು ತಡೆಯುವ ಸೆಕ್ಷನ್‌ಗಳು 2009ರ ಮೇ 20ರಿಂದ ಜಾರಿಯಲ್ಲಿವೆ. ಕಂಪನಿಗಳ ವಿಲೀನವನ್ನು ಮೊದಲೇ ಪರಿಶೀಲಿಸುವ ಅಧಿಕಾರ 2011ರ ಜೂನ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ಸಿಕ್ಕಿತು.

ಒಳಒಪ್ಪಂದ, ಅಂದರೆ ಕಾರ್ಟೆಲ್, ಗಣಿತದ ದೃಷ್ಟಿಯಿಂದ ಬಹಳ ಕುತೂಹಲದ ವಸ್ತು. ನಾಲ್ಕು ಕಂಪನಿಗಳು ಸೇರಿ ಬೆಲೆ ಏರಿಸಲು ಒಪ್ಪಿದವು ಎನ್ನೋಣ. ಒಪ್ಪಿದ ಗಳಿಗೆಯಿಂದಲೇ ಪ್ರತಿಯೊಬ್ಬರಿಗೂ ಮಾತು ಮುರಿಯುವ ಆಸೆ ಶುರುವಾಗುತ್ತದೆ. ಉಳಿದ ಮೂವರು ಏರಿಸಿದ ಬೆಲೆಯಲ್ಲಿರುವಾಗ ತಾನೊಬ್ಬ ಸ್ವಲ್ಪ ಇಳಿಸಿದರೆ ಗಿರಾಕಿಗಳೆಲ್ಲ ತನ್ನ ಕಡೆಗೇ. ಹಾಗಾಗಿ ಕೂಟ ಉಳಿಯಬೇಕಾದರೆ ಯಾರು ಮೋಸ ಮಾಡಿದರೆಂದು ಬೇಗ ತಿಳಿಯಬೇಕು, ತಿಳಿದ ಮೇಲೆ ಶಿಕ್ಷಿಸಲೂ ಬರಬೇಕು. ಸದಸ್ಯರು ಆಗಾಗ ಸೇರುವುದು, ಮಾರಾಟದ ಅಂಕಿಗಳನ್ನು ಹಂಚಿಕೊಳ್ಳುವುದು ಇದಕ್ಕಾಗಿ. ಕಾನೂನು ಈ ಬಿರುಕಿನಲ್ಲೇ ಕೈ ಹಾಕುತ್ತದೆ. ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ ಮೊದಲು ಬಂದು ಪೂರ್ತಿ ಸತ್ಯ ಹೇಳಿದ ಕಂಪನಿಗೆ ದಂಡ ಪೂರ್ಣ ಮನ್ನಾ ಆಗಬಹುದು. ಉಳಿದವರ ದಂಡ ಕೂಟ ನಡೆದ ಪ್ರತಿ ವರ್ಷದ ಲಾಭದ ಮೂರು ಪಟ್ಟು ಇಲ್ಲವೇ ವಹಿವಾಟಿನ ಶೇ 10, ಯಾವುದು ಹೆಚ್ಚೋ ಅಲ್ಲಿಯವರೆಗೆ ಹೋಗಬಹುದು. 'ಅವನು ನನಗಿಂತ ಮೊದಲು ಹೋಗಿಬಿಟ್ಟರೆ?' ಎಂಬ ಭಯವನ್ನು ಕೂಟದ ಒಳಗೇ ಬಿತ್ತುವ ಈ ಉಪಾಯ ಇಡೀ ಕಾಯ್ದೆಯಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುತ್ತದೆ.

ಆದರೆ ಬೆಲೆ ಒಂದೇ ಇದ್ದ ಮಾತ್ರಕ್ಕೆ ಕೂಟವಿದೆ ಎನ್ನಲಾಗದು. ಹೊಸಪೇಟೆ ಬಸ್ ನಿಲ್ದಾಣದ ಬಳಿ ಎದುರುಬದುರಿನ ಎರಡು ಹೋಟೆಲುಗಳು ಒಂದೇ ವಾರದಲ್ಲಿ ಚಹಾದ ಬೆಲೆ ಏರಿಸಿದರೆ, ಮಾಲೀಕರು ಮಾತಾಡಿಕೊಂಡಿರಬಹುದು, ಇಲ್ಲವೇ ಹಾಲಿನ ದರ ಏರಿರಬಹುದು, ಇಲ್ಲವೇ ಒಬ್ಬ ಇನ್ನೊಬ್ಬನ ಬೋರ್ಡು ನೋಡಿರಬಹುದು. ಉಕ್ಕಿನಲ್ಲೂ ಹಾಗೆಯೇ. ತಯಾರಕರು ಕೆಲವೇ ಮಂದಿ, ಅದಿರು ಮತ್ತು ಕೋಕಿಂಗ್ ಕಲ್ಲಿದ್ದಲಿನ ದರ ಎಲ್ಲರಿಗೂ ಒಟ್ಟಿಗೇ ಏರಿಳಿಯುತ್ತದೆ. 2018ರಲ್ಲಿ ಅಡುಗೆ ಅನಿಲದ ಸಿಲಿಂಡರ್ ತಯಾರಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹೇಳಿತು: ಕೊಳ್ಳುವವರೇ ಮೂರು ಸರ್ಕಾರಿ ಕಂಪನಿಗಳಿರುವ ಮಾರುಕಟ್ಟೆಯಲ್ಲಿ ಟೆಂಡರ್ ದರಗಳು ಹತ್ತಿರಹತ್ತಿರ ಇರುವುದು ಸಹಜ. ಆದ್ದರಿಂದ ಪರಿಣತರು ಬೇರೆ ಗುರುತುಗಳನ್ನು ಹುಡುಕುತ್ತಾರೆ. ಖರ್ಚು ಇಳಿದರೂ ಬೆಲೆ ಇಳಿಯಲಿಲ್ಲವೇ? ಬೇಡಿಕೆ ಇದ್ದಾಗಲೂ ಎಲ್ಲರೂ ಒಟ್ಟಿಗೇ ಉತ್ಪಾದನೆ ತಗ್ಗಿಸಿದರೇ? ಬಿಡ್‌ಗಳ ನಡುವಿನ ಅಂತರ ಅನುಮಾನ ಬರುವಷ್ಟು ಕಿರಿದಾಗಿದೆಯೇ?

2012ರ ಜೂನ್‌ನಲ್ಲಿ ಆಯೋಗ ಹನ್ನೊಂದು ಸಿಮೆಂಟ್ ಕಂಪನಿಗಳಿಗೆ ಒಟ್ಟು 6,300 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿದಾಗ ನೋಡಿದ್ದು ಇಂಥ ಗುರುತುಗಳನ್ನೇ. ಸಂಘದ ಸಭೆಗಳು, ಒಟ್ಟೊಟ್ಟಿಗೆ ಏರಿದ ಬೆಲೆ, ಸಾಮರ್ಥ್ಯವಿದ್ದೂ ಓಡದ ಕಾರ್ಖಾನೆಗಳು. ಆ ಪ್ರಕರಣ ಮೇಲ್ಮನವಿಗಳ ಮೆಟ್ಟಿಲೇರಿ ಸುಪ್ರೀಂ ಕೋರ್ಟ್ ಮುಟ್ಟಿತು. ಉಕ್ಕಿನ ಬೆಲೆಯ ಬಗೆಗೂ, ಕೊಯಮತ್ತೂರಿನ ಗುತ್ತಿಗೆದಾರರ ಸಂಘವೊಂದು ಮದ್ರಾಸ್ ಹೈಕೋರ್ಟಿಗೆ ಹೋದ ನಂತರ, 2021ರಲ್ಲಿ ಆಯೋಗ ತನಿಖೆ ಆರಂಭಿಸಿತು. ಜೆಎಸ್‌ಡಬ್ಲ್ಯು, ಟಾಟಾ ಸ್ಟೀಲ್, ಸೈಲ್ ಸೇರಿ ಹಲವು ಕಂಪನಿಗಳು ಅದರ ವ್ಯಾಪ್ತಿಯಲ್ಲಿವೆ. ತನಿಖೆ ಎಂದರೆ ತೀರ್ಪಲ್ಲ. ಕಂಪನಿಗಳ ವಾದ ಕೇಳಿ ಆಯೋಗ ಅಂತಿಮ ಆದೇಶ ಕೊಡುವ ತನಕ ಯಾರನ್ನೂ ತಪ್ಪಿತಸ್ಥರೆನ್ನಬಾರದು.

ಕಾಯ್ದೆಯ ಇನ್ನೊಂದು ಕೈ ಪ್ರಾಬಲ್ಯದ ಮೇಲೆ. ಇಲ್ಲಿ ತೋರಣಗಲ್ಲು ಬೇರೆಯದೇ ವೇಷದಲ್ಲಿ ಬರುತ್ತದೆ, ದೂರುದಾರನ ವೇಷದಲ್ಲಿ. ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲೇ ಜೆಎಸ್‌ಡಬ್ಲ್ಯು ಸಮೂಹದ ಬಣ್ಣದ ಕಾರ್ಖಾನೆ ಇದೆ. 2019ರಲ್ಲಿ ಮನೆಗಳಿಗೆ ಬಳಿಯುವ ಬಣ್ಣದ ಮಾರುಕಟ್ಟೆಗೆ ಇಳಿದ ಈ ಹೊಸ ಕಂಪನಿ, ತನ್ನ ಸರಕು ಇಟ್ಟುಕೊಂಡ ಅಂಗಡಿಕಾರರ ಮೇಲೆ ಏಷ್ಯನ್ ಪೇಂಟ್ಸ್ ಒತ್ತಡ ಹೇರುತ್ತಿದೆ ಎಂದು ಆಯೋಗಕ್ಕೆ ದೂರು ಕೊಟ್ಟಿತು. ಬಣ್ಣದ ವ್ಯಾಪಾರ ಬಲ್ಲವರಿಗೆ ಇದರ ತೂಕ ಗೊತ್ತು. ಬಣ್ಣ ಬೆರೆಸುವ ಟಿಂಟಿಂಗ್ ಮಷಿನ್‌ಗೆ ಅಂಗಡಿಯಲ್ಲಿ ಜಾಗ ಸಿಗದಿದ್ದರೆ ಹೊಸ ಕಂಪನಿಗೆ ಗಿರಾಕಿಯ ಮುಖವೇ ಕಾಣದು.

ಇಂಥ ದೂರಿನಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ಯಾವ ಮಾರುಕಟ್ಟೆ ಎಂದು. ಊರೂರಿನ ಸಣ್ಣ ಡಿಸ್ಟೆಂಪರ್ ತಯಾರಕರನ್ನೂ ಲೆಕ್ಕಕ್ಕೆ ಹಿಡಿದರೆ ದೊಡ್ಡವನ ಪಾಲು ಚಿಕ್ಕದಾಗಿ ಕಾಣುತ್ತದೆ, ಬಿಟ್ಟರೆ ಹಿಗ್ಗುತ್ತದೆ. ಅರ್ಥಶಾಸ್ತ್ರಜ್ಞರು ಇದಕ್ಕೊಂದು ಒರೆ ಹಚ್ಚುತ್ತಾರೆ: ಒಬ್ಬನೇ ಮಾರಾಟಗಾರನಿದ್ದು, ಅವನು ಬೆಲೆಯನ್ನು ಶೇ 5ರಿಂದ 10ರಷ್ಟು ಏರಿಸಿ ಹಾಗೆಯೇ ಇಟ್ಟರೆ, ಗಿರಾಕಿಗಳು ಬೇರೆ ಯಾವ ಸರಕಿಗೆ ಹೋಗುತ್ತಾರೆ? ಹೋಗುವುದಾದರೆ ಆ ಸರಕೂ ಅದೇ ಮಾರುಕಟ್ಟೆಯದು. ಆಯೋಗ 2020ರ ಜನವರಿಯಲ್ಲಿ ತನಿಖೆಗೆ ಆದೇಶಿಸಿ, ಸಂಘಟಿತ ವಲಯದ ಬಣ್ಣದಲ್ಲಿ ಏಷ್ಯನ್ ಪೇಂಟ್ಸ್ ಪ್ರಬಲವೆಂದು ಒಪ್ಪಿತು. ಆದರೆ ಆ ಬಲದ ದುರುಪಯೋಗಕ್ಕೆ ಸಾಕ್ಷ್ಯ ಸಾಲದೆಂದು 2022ರ ಸೆಪ್ಟೆಂಬರ್‌ನಲ್ಲಿ ಪ್ರಕರಣ ಮುಗಿಸಿತು. 2025ರ ಜುಲೈನಲ್ಲಿ ಬಿರ್ಲಾ ಓಪಸ್ ಬಣ್ಣದ ಒಡೆತನವಿರುವ ಗ್ರಾಸಿಮ್ ಕೊಟ್ಟ ದೂರಿನ ಮೇಲೆ ಅದೇ ಕಂಪನಿಯ ವಿರುದ್ಧ ಮತ್ತೊಂದು ತನಿಖೆ ಶುರುವಾಯಿತು. ಅದೇ ವರ್ಷ ಜೆಎಸ್‌ಡಬ್ಲ್ಯು ಪೇಂಟ್ಸ್ ತಾನೇ ಅಕ್ಜೊ ನೊಬೆಲ್ ಇಂಡಿಯಾವನ್ನು ಕೊಳ್ಳಲು ಮುಂದಾಗಿ ಆಯೋಗದ ಒಪ್ಪಿಗೆ ಪಡೆಯಿತು. ಒಂದು ಪ್ರಕರಣದಲ್ಲಿ ಚಿಕ್ಕವನಾಗಿ ನಿಂತವನು ಇನ್ನೊಂದರಲ್ಲಿ ದೊಡ್ಡವನಾಗಿ ನಿಲ್ಲುವುದು ಈ ಕಾನೂನಿಗೆ ಹೊಸದಲ್ಲ. ಅದು ಕಾಯಬೇಕಾದದ್ದು ಸ್ಪರ್ಧೆಯನ್ನು, ಯಾವುದೇ ಒಬ್ಬ ಸ್ಪರ್ಧಿಯನ್ನಲ್ಲ.

ಸರ್ಕಾರಿ ಕಂಪನಿಗಳಿಗೂ ವಿನಾಯಿತಿ ಇಲ್ಲ. ಕೋಲ್ ಇಂಡಿಯಾ ಪ್ರಕರಣದಲ್ಲಿ 2023ರ ಜೂನ್ 15ರಂದು ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥಗೊಳಿಸಿತು. ಸರ್ಕಾರ ವ್ಯಾಪಾರಿಯಾದಾಗ ವ್ಯಾಪಾರಿಯ ಕಾನೂನಿಗೆ ಒಳಪಡಬೇಕು. ಹಾಗಾದರೆ ಎನ್‌ಎಂಡಿಸಿಯೂ ಒಳಪಡುತ್ತದೆ.

ಸರ್ಕಾರ ದಾನಿಯಾದಾಗ? ಇಲ್ಲಿ ಕಾಯ್ದೆಯ ಕೈ ಗಿಡ್ಡ. ತೆರಿಗೆ ಬಿಡುವುದು, ಜಮೀನು ಕೊಡುವುದು, ವಿದ್ಯುತ್ ದರ ತಗ್ಗಿಸುವುದು ಇವನ್ನು ರದ್ದುಪಡಿಸುವ ಅಧಿಕಾರ ಆಯೋಗಕ್ಕಿಲ್ಲ.

ಅದಿರಿನ ಪ್ರಶ್ನೆ ಸಾಗರ ದಾಟಿದ್ದು ಹೀಗೆ. ಭಾರತದ ಹಾಟ್ ರೋಲ್ಡ್ ಉಕ್ಕಿನ ಮೇಲೆ ಅಮೆರಿಕ 2001ರ ಡಿಸೆಂಬರ್‌ನಲ್ಲಿ ಪ್ರತಿಸುಂಕ ಹಾಕಿತು. ಸಬ್ಸಿಡಿಯಿಂದ ಸಿಕ್ಕ ಲಾಭವನ್ನು ಬಂದರಿನಲ್ಲಿ ವಸೂಲು ಮಾಡುವ ಸುಂಕ ಇದು. ನಂತರದ ವರ್ಷಗಳ ಮರುಪರಿಶೀಲನೆಯಲ್ಲಿ ಎನ್‌ಎಂಡಿಸಿ ಅದಿರಿನ ದರವೂ, ಕರ್ನಾಟಕ ಸರ್ಕಾರದ ಕೈಗಾರಿಕಾ ನೀತಿಯ ರಿಯಾಯಿತಿಗಳೂ ಸಬ್ಸಿಡಿಯ ಪಟ್ಟಿಗೆ ಸೇರಿದವು. ಅಗ್ಗ ಎನ್ನಲು ಹೋಲಿಕೆಗೊಂದು ಬೆಲೆ ಬೇಕಲ್ಲ? ಅಮೆರಿಕದ ಅಧಿಕಾರಿಗಳು ಆಸ್ಟ್ರೇಲಿಯಾ ಮತ್ತು ಬ್ರೆಜಿಲ್‌ನ ಅದಿರಿನ ದರಕ್ಕೆ ಹಡಗಿನ ಬಾಡಿಗೆಯನ್ನೂ ಕೂಡಿಸಿ ಒಂದು ಮಾನದಂಡ ಮಾಡಿದರು. ಒಂದೇ ತಾಲ್ಲೂಕಿನೊಳಗೆ ಗಣಿಯೂ ಕಾರ್ಖಾನೆಯೂ ಇರುವ ಕಡೆಗೆ ಈ ಅಳತೆಗೋಲು ಹಿಡಿದು ನೋಡಿ. ಸಾಗರದಾಚೆಯಿಂದ ಬಂದಿಳಿಯುವ ಅದಿರಿನ ಮುಂದೆ ದೋಣಿಮಲೈ ಅದಿರು ಅಗ್ಗವಾಗಿ ಕಾಣದೆ ಇರುತ್ತದೆಯೇ? ಸಂಡೂರಿನ ಗುಡ್ಡಗಳು ಇಲ್ಲೇ ಇವೆ ಎಂಬುದು ಭೂವಿಜ್ಞಾನ ಕೊಟ್ಟ ಅನುಕೂಲ. ಅದನ್ನು ಸರ್ಕಾರದ ಕೊಡುಗೆ ಎಂದು ಎಣಿಸುವುದು ನನಗೆ ಸರಿ ಕಾಣುವುದಿಲ್ಲ.

ಭಾರತ 2012ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರಿತ್ತಿತು. ಎನ್‌ಎಂಡಿಸಿಯ ಶೇ 98ರಷ್ಟು ಷೇರು ಆಗ ಕೇಂದ್ರ ಸರ್ಕಾರದ ಬಳಿ ಇತ್ತು. ಅಷ್ಟರಿಂದಲೇ ಅದು ಸರ್ಕಾರದ ಅಂಗವಾಗುತ್ತದೆಯೇ? 2014ರ ಡಿಸೆಂಬರ್ 8ರ ವರದಿಯಲ್ಲಿ ಮೇಲ್ಮನವಿ ಪೀಠ ಇಲ್ಲವೆಂದಿತು. ಷೇರು ಹೊಂದುವುದು, ನಿರ್ದೇಶಕರನ್ನು ನೇಮಿಸುವುದು ಸಾಲದು, ಆ ಸಂಸ್ಥೆ ಸರ್ಕಾರದ ಅಧಿಕಾರವನ್ನು ಚಲಾಯಿಸುತ್ತದೆ ಎಂದು ತೋರಿಸಬೇಕು. ಅಮೆರಿಕ ಅದನ್ನು ತೋರಿಸಿರಲಿಲ್ಲ. ಜಗಳ ಮತ್ತೂ ಎಳೆದು, ಕೊನೆಗೆ 2023ರ ಜೂನ್‌ನಲ್ಲಿ ಎರಡೂ ದೇಶಗಳು ಆರು ವಿವಾದಗಳನ್ನು ಒಟ್ಟಿಗೆ ಕೈಬಿಟ್ಟಾಗ ಇದೂ ಮುಗಿಯಿತು.

ಭಾರತ ಗೆದ್ದಿತೆಂದು ನಾವು ಸಂತೋಷಪಟ್ಟೆವು, ಪಡಬೇಕಾದದ್ದೇ. ಆದರೆ ಅಲ್ಲಿ ನಡೆದ ಲೆಕ್ಕಾಚಾರದಲ್ಲಿ ಬಳ್ಳಾರಿಯ ತೆರಿಗೆದಾರ ಎಲ್ಲೂ ಇರಲಿಲ್ಲ. ಅಮೆರಿಕ ಕೇಳಿದ್ದು ತನ್ನ ಉಕ್ಕು ತಯಾರಕರಿಗಾಗಿ. ರಫ್ತಾಗದೆ ಇಲ್ಲೇ ಮಾರಾಟವಾಗುವ ಉಕ್ಕಿಗೆ ಸಿಕ್ಕ ರಿಯಾಯಿತಿ ಇನ್ನೊಬ್ಬ ಭಾರತೀಯ ತಯಾರಕನಿಗೆ ಏನು ಮಾಡಿತು ಎಂದು ಕೇಳುವುದು ಆ ಕಾನೂನಿನ ಕೆಲಸವೂ ಅಲ್ಲ.

ಜಮೀನಿನ ಕಥೆ ಅಂಥದ್ದು. ತೋರಣಗಲ್ಲು, ಕುರೇಕುಪ್ಪ, ಮುಸೇನಾಯಕನಹಳ್ಳಿ, ಯರಬನಹಳ್ಳಿಗಳ 3,667 ಎಕರೆಯನ್ನು 2006-07ರ ಹೊತ್ತಿಗೆ ಲೀಸ್ ಕಂ ಸೇಲ್ ಕರಾರಿನ ಮೇಲೆ ಜೆಎಸ್‌ಡಬ್ಲ್ಯು ಕಂಪನಿಗೆ ಕೊಡಲಾಗಿತ್ತು. ಎಕರೆಗೆ ಒಂದು ಭಾಗಕ್ಕೆ 1.22 ಲಕ್ಷ, ಇನ್ನೊಂದಕ್ಕೆ 1.50 ಲಕ್ಷ ರೂಪಾಯಿ. ಅದನ್ನು ಪೂರ್ತಿ ಮಾರಲು 2019ರಲ್ಲಿ ಎಚ್.ಡಿ. ಕುಮಾರಸ್ವಾಮಿ ಸಂಪುಟ ನಿರ್ಧರಿಸಿದಾಗ ಬಿಜೆಪಿ ಅಹೋರಾತ್ರಿ ಧರಣಿ ಕೂತಿತು. 2021ರಲ್ಲಿ ಬಿ.ಎಸ್. ಯಡಿಯೂರಪ್ಪ ಸಂಪುಟವೇ ಒಪ್ಪಿಗೆ ಕೊಟ್ಟು, ಒಂದೇ ತಿಂಗಳಲ್ಲಿ ತಡೆಹಿಡಿಯಿತು. 2024ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯ ಸಂಪುಟ ಮತ್ತೆ ಒಪ್ಪಿತು. ಸರ್ಕಾರ ಬದಲಾದಾಗಲೆಲ್ಲ ವಿರೋಧಿಸುವವರು ಬದಲಾದರು, ವಾದಗಳು ಮಾತ್ರ ಅವೇ ಉಳಿದವು. ಬರೆದುಕೊಟ್ಟ ಕರಾರಿಗೆ ಸರ್ಕಾರ ಬದ್ಧವಾಗಿರಬೇಕು ಎಂಬುದೊಂದು, ಈಗಿನ ಮಾರುಕಟ್ಟೆ ದರವೆಲ್ಲಿ ಈ ದರವೆಲ್ಲಿ ಎಂಬುದಿನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಸ್ಪರ್ಧೆಯ ಪ್ರಶ್ನೆ ಈ ಎರಡಕ್ಕಿಂತಲೂ ಹಿಂದಿನದು: ಕರಾರು ಬರೆಯುವ ದಿನ, ಇದೇ ದರ ಇದೇ ಷರತ್ತು ಬೇರೆ ಉಕ್ಕಿನ ಕಂಪನಿಗೂ ಸಿಗುತ್ತಿತ್ತೇ? ಪಕ್ಕದ ಕುಡತಿನಿಯಲ್ಲಿ ಆರ್ಸೆಲರ್ ಮಿತ್ತಲ್‌ಗೆಂದು ರೈತರ ಜಮೀನು ಸ್ವಾಧೀನವಾಯಿತು, ಉಕ್ಕಿನ ಕಾರ್ಖಾನೆ ಏಳಲಿಲ್ಲ. ಪರಿಹಾರ ಸಾಲದೆಂದು ಅಲ್ಲಿಯ ರೈತರು ಧರಣಿ ಕೂತರು. ಸಬ್ಸಿಡಿಯ ಲೆಕ್ಕದಲ್ಲಿ ರೈತ ಕಳೆದುಕೊಂಡದ್ದೂ ಸೇರಬೇಕೆಂದು ನಾನು ನಂಬುತ್ತೇನೆ.

ರಿಯಾಯಿತಿಯೆಲ್ಲ ಕೆಟ್ಟದ್ದಲ್ಲ. ಮಳೆ ಕಡಿಮೆಯ, ಉದ್ಯೋಗ ಕಡಿಮೆಯ ಸೀಮೆಗೆ ಕಾರ್ಖಾನೆ ತರಲು ಸರ್ಕಾರ ಕೈ ಜೋಡಿಸುವುದು ತಪ್ಪೆಂದು ಯಾರೂ ಹೇಳಲಾರರು. ಯುರೋಪ್ ಒಕ್ಕೂಟವೂ ಹಿಂದುಳಿದ ಪ್ರದೇಶಕ್ಕೆ ನೆರವನ್ನು ಒಪ್ಪುತ್ತದೆ. ಆದರೆ ಅಲ್ಲಿ ಸದಸ್ಯ ದೇಶ ದೊಡ್ಡ ನೆರವು ಕೊಡುವ ಮೊದಲು ಯುರೋಪಿಯನ್ ಕಮಿಷನ್‌ಗೆ ತಿಳಿಸಬೇಕು, ಸ್ಪರ್ಧೆ ಕೆಡುತ್ತದೆ ಎಂದಾದರೆ ಕೊಟ್ಟದ್ದನ್ನು ಬಡ್ಡಿ ಸಮೇತ ವಾಪಸ್ ಪಡೆಯಬೇಕು. ಐರ್ಲೆಂಡ್ ದೇಶ ಆ್ಯಪಲ್ ಕಂಪನಿಗೆ ಬಿಟ್ಟ 1,300 ಕೋಟಿ ಯೂರೊ ತೆರಿಗೆಯನ್ನು ವಸೂಲು ಮಾಡಬೇಕೆಂದು 2016ರಲ್ಲಿ ಕಮಿಷನ್ ಆದೇಶಿಸಿತು. ತೆಗೆದುಕೊಳ್ಳಲು ಐರ್ಲೆಂಡೇ ಒಲ್ಲೆನೆಂದು ಕೋರ್ಟಿಗೆ ಹೋದರೂ 2024ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಅತ್ಯುನ್ನತ ನ್ಯಾಯಾಲಯ ಆದೇಶವನ್ನು ಎತ್ತಿಹಿಡಿಯಿತು. ಬಂಡವಾಳ ಸೆಳೆಯಲು ರಾಜ್ಯಗಳು ಒಂದರ ಮೇಲೊಂದು ರಿಯಾಯಿತಿ ಏರಿಸುತ್ತಿರುವ ನಮ್ಮ ದೇಶದಲ್ಲಿ ಇಂಥ ಅಂಪೈರ್ ಇಲ್ಲ.

ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಸ್ಪರ್ಧಾ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ, ನೀತಿ ರೂಪಿಸುವಾಗ ರಾಜ್ಯ ಸರ್ಕಾರವೂ ಆಯೋಗದ ಅಭಿಪ್ರಾಯ ಕೇಳಬಹುದು. ಆಯೋಗ 60 ದಿನಗಳೊಳಗೆ ಉತ್ತರಿಸಬೇಕು. ಆ ಉತ್ತರಕ್ಕೆ ಸರ್ಕಾರ ಕಟ್ಟುಬೀಳಬೇಕಿಲ್ಲ. ಮುಂದಿನ ಕೈಗಾರಿಕಾ ನೀತಿಯ ಕರಡಿನೊಂದಿಗೆ, ಮುಂದಿನ ದೊಡ್ಡ ಜಮೀನು ಹಂಚಿಕೆಯ ನಿಯಮಗಳೊಂದಿಗೆ ಇಂಥದೊಂದು ಪತ್ರ ವಿಧಾನಸೌಧದಿಂದ ದೆಹಲಿಗೆ ಹೋಗಲಿ. ಬಂದ ಉತ್ತರ ಸದನದ ಮೇಜಿನ ಮೇಲೆ ಬರಲಿ, ಕುರೇಕುಪ್ಪದವರೂ ಕುಡತಿನಿಯವರೂ ಓದುವಂತೆ ಕನ್ನಡದಲ್ಲಿ ಬರಲಿ.