ಸಂಗೀತ ಕಚೇರಿಯೂ ನಮ್ಮ ಸಂಸಾರವೂ

ಈಚೆಗೆ ನಾವು ಬೆಂಗಳೂರಿನಲ್ಲಿ ಒಂದು ಮದುವೆಯ ಆರತಕ್ಷತೆಗೆ ಹೋಗಿದ್ದೆವು. ವೇದಿಕೆಯ ಪಕ್ಕದಲ್ಲಿ ವಿದ್ವಾಂಸರೊಬ್ಬರು ಪಿಟೀಲಿನಲ್ಲಿ ಕಲ್ಯಾಣಿ ರಾಗವನ್ನು ನುಡಿಸುತ್ತಿದ್ದರು. ಎದುರಿಗೆ ನೂರಾರು ಜನರಿದ್ದರೂ ಕೇಳುವವರು ಮಾತ್ರ ವಿರಳ. ಕೆಲವರು ವಧೂವರರೊಡನೆ ಛಾಯಾಚಿತ್ರಕ್ಕಾಗಿ ಸಾಲುಗಟ್ಟಿದ್ದರು. ಕೆಲವರು ಮೊಬೈಲಿನಲ್ಲಿ ಮಗ್ನರಾಗಿದ್ದರು. ಉಳಿದವರು ಊಟದ ಕರೆಯನ್ನು ಕಾಯುತ್ತ ಹರಟುತ್ತಿದ್ದರು. ಅನ್ಯರನ್ನು ದೂರಿ ಫಲವೇನು? ಆ ಹರಟೆಯಲ್ಲಿ ನಾವೂ ಪಾಲುಗೊಂಡಿದ್ದೆವು. ಆಲಾಪನೆಯು ಮುಗಿದಾಗ ಒಂದು ಚಪ್ಪಾಳೆಯೂ ಬರಲಿಲ್ಲ. ವಿದ್ವಾಂಸರು ಕಮಾನನ್ನು ಕ್ಷಣಕಾಲ ಕೆಳಗಿಳಿಸಿ ಪುನಃ ನುಡಿಸತೊಡಗಿದರು. ಆಗ ನಮಗುಂಟಾದ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಶಾಸ್ತ್ರೀಯ ಸಂಗೀತವು ಪಂಡಿತರಿಗೆ ಮಾತ್ರ ಮೀಸಲೆಂದೂ, ಸಾಮಾನ್ಯ ಸಂಸಾರಿಗರಿಗೆ ಅದು ತಿಳಿಯದೆಂದೂ ಅನೇಕರು ಹೇಳುವುದುಂಟು. ಈ ಮಾತು ಯಥಾರ್ಥವಲ್ಲ. ಮಕ್ಕಳು ಮೊದಲು ಕಲಿಯುವ ಸರಳೆ, ಜಂಟಿವರಸೆಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಕ್ರಮಗೊಳಿಸಿದವರು ಪುರಂದರದಾಸರು (1484–1564) ಎಂದು ಸಂಪ್ರದಾಯವು ಹೇಳುತ್ತದೆ. ಕರ್ನಾಟಕ ಸಂಗೀತ ಪಿತಾಮಹರೆಂಬ ಬಿರುದು ಅವರದು. ನಮ್ಮ ಅಜ್ಜಿಯರು ಬೆಣ್ಣೆ ಕಡೆಯುತ್ತ, ತೊಟ್ಟಿಲು ತೂಗುತ್ತ ಹಾಡಿದ ದೇವರನಾಮಗಳಲ್ಲಿ ಅವರವು ಎಷ್ಟೋ! ಪಾಠದ ಸಂಗೀತಕ್ಕೂ ಮನೆಯ ಹಾಡಿಗೂ ಒಬ್ಬರೇ ಪಿತಾಮಹರೆಂದಮೇಲೆ, ಇವೆರಡರ ನಡುವೆ ಗೋಡೆಯನ್ನೆಬ್ಬಿಸಿದವರು ನಾವೇ ಅಲ್ಲವೆ?

ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಲಿಯ ರಾಮನವಮಿ ಸಂಗೀತೋತ್ಸವವನ್ನು ನೋಡಿದವರಿಗೆ ಈ ಮಾತು ಮನವರಿಕೆಯಾದೀತು. ಪಾನಕ, ಕೋಸಂಬರಿಗಳ ಹಬ್ಬದೊಡನೆ ಕಚೇರಿಯು ಬೆರೆತುದರಿಂದ, ರಾಗದ ಹೆಸರನ್ನು ಅರಿಯದವರೂ ಅದನ್ನು ತಮ್ಮದೆಂದೇ ಭಾವಿಸಿದರು.

ಆದರೆ ಹಬ್ಬವು ಮುಗಿದ ಮೇಲೆ ಮನೆಯಲ್ಲೇನು? ಹೆಣ್ಣುಮಕ್ಕಳಿಗೆ ಎಂಟು ಹತ್ತು ವರ್ಷ ಪಾಠ ಹೇಳಿಸುವೆವು. ಮದುವೆಯಾದೊಡನೆ ವೀಣೆಯು ಗವಸು ತೊಟ್ಟು ಮೂಲೆಯನ್ನು ಸೇರುವುದು. ಅದನ್ನು ಹೊರತೆಗೆಯೆಂದು ಹೇಳುವವರು ಮನೆಯಲ್ಲಿ ಯಾರೂ ಇಲ್ಲ. ಕಲಿತ ಸೊಸೆಗೇ ಕೇಳುಗರಿಲ್ಲದಿದ್ದರೆ ಊರ ವಿದ್ವಾಂಸರಿಗೆ ಕೇಳುಗರೆಲ್ಲಿಂದ ಬಂದಾರು? ಗಾಯಕರನ್ನು ಗುರುಗಳು ತಯಾರಿಸಬಲ್ಲರು. ಶ್ರೋತೃಗಳನ್ನು ತಯಾರಿಸುವ ಹೊಣೆ ಮನೆಯದು.

ಇದಕ್ಕೆ ಹೆಚ್ಚಿನ ವೆಚ್ಚವೇನೂ ಬೇಡ. ಮೊದಲು ಮಕ್ಕಳಿಗೆ ಆದಿತಾಳವನ್ನು ಕಲಿಸಿರಿ. ತೊಡೆಯ ಮೇಲೆ ಒಂದು ತಟ್ಟು. ಕಿರುಬೆರಳು ಮೊದಲ್ಗೊಂಡು ಮೂರು ಬೆರಳೆಣಿಕೆ. ಅನಂತರ ತಟ್ಟಿ ಅಂಗೈಯನ್ನು ತಿರುಗಿಸುವುದು ಎರಡು ಸಾರಿ. ಒಟ್ಟು ಎಂಟು ಎಣಿಕೆ. ಇಷ್ಟು ಬಂದರೆ, ಮೃದಂಗದ ತನಿ ಆವರ್ತನವು ತೊಡಗಿದೊಡನೆ ಕಾಫಿಗೆಂದು ಎದ್ದುಹೋಗುವ ನಮ್ಮ ದುರಭ್ಯಾಸವು ತಾನಾಗಿ ತಪ್ಪುವುದು; ಎಣಿಕೆಯು ಎಲ್ಲಿಗೆ ಬಂದು ಕೂಡುವುದೆಂಬ ಕುತೂಹಲವೇ ಹಿಡಿದು ಕೂರಿಸುವುದು.

ಎರಡನೆಯದಾಗಿ, ವಾರಕ್ಕೊಂದು ರಾಗವನ್ನು ಇಟ್ಟುಕೊಳ್ಳಿರಿ. ಮೋಹನವು ಐದೇ ಸ್ವರಗಳ ರಾಗ. ಆರಂಭಕ್ಕೆ ಅದು ಸುಲಭ. ಮೊಬೈಲಿನಲ್ಲಿಯೇ ಅದೇ ರಾಗವನ್ನು ಮೂವರು ವಿದ್ವಾಂಸರಿಂದ ಕೇಳಬಹುದು. ಮಾತನಾಡದೆ ಹತ್ತು ನಿಮಿಷ ಕೇಳಿದರೆ ಸಾಕು. ಮಗುವು ಒಂದು ದಿನ ದೇವಸ್ಥಾನದಲ್ಲಿ ನಾಗಸ್ವರವನ್ನು ಕೇಳಿ, “ಅಮ್ಮಾ, ಇದು ಮೋಹನವಲ್ಲವೆ?” ಎಂದರೆ, ಆ ಸಂತೋಷಕ್ಕೆ ಸಮನಾದುದು ಯಾವುದು?

ಮೂರನೆಯದಾಗಿ, ಮದುವೆಯಲ್ಲಿ ಕಚೇರಿಯನ್ನು ಇಡಿಸುವವರು ಊಟ, ಉಡುಗೊರೆಗಳ ಗದ್ದಲದಿಂದ ಅದನ್ನು ಬೇರ್ಪಡಿಸಿ ಒಂದು ಗಂಟೆಯ ಕಾಲವನ್ನು ಮೀಸಲಿಡಲಿ. ಅದು ಸಾಧ್ಯವಿಲ್ಲವಾದರೆ ವಿದ್ವಾಂಸರನ್ನು ಕರೆಸದಿರುವುದೇ ಮೇಲು.

ನಮ್ಮ ಮನೆಯಲ್ಲಿಯೂ ಒಂದು ವೀಣೆಯು ಬಹುಕಾಲದಿಂದ ಮೂಲೆಯಲ್ಲಿದ್ದಿತು. ಕಳೆದ ಶುಕ್ರವಾರ ಅದರ ಗವಸನ್ನು ತೆಗೆದು, ತಂತಿಗಳನ್ನು ಬದಲಾಯಿಸಲು ಕೊಟ್ಟಿದ್ದೇವೆ. ವಾಚಕ ಸೋದರಿಯರೂ ತಮ್ಮ ತಮ್ಮ ಮನೆಗಳ ಮೂಲೆಗಳನ್ನು ಒಮ್ಮೆ ನೋಡುವರೆಂದು ನಂಬಿದ್ದೇವೆ.